ನೀರು ಬತ್ತಿ ಉಳಿದ ಕಲ್ಲು: ಎವಾಪೊರೈಟ್ ಶಿಲೆ, ಖನಿಜಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪಿನ ವಿಷಯ ಎತ್ತಿದರೆ ಪ್ರಶ್ನೆ ಕೇಳದವರೇ ಇಲ್ಲ. ತರಗತಿಯಲ್ಲಿ, ಬಸ್ಸಿನಲ್ಲಿ, ಪತ್ರಗಳಲ್ಲಿ, ಲೇಖನಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ವರ್ಷಗಳಿಂದ ಎದುರಾದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲ ಪ್ರಶ್ನೆಗಳು

ಎವಾಪೊರೈಟ್ ಅಂದ್ರೆ ಉಪ್ಪಿನ ಕಲ್ಲು ಅಂತ ತಿಳ್ಕೊಂಡ್ರೆ ಸಾಕಾ?

ಅರ್ಧ ಸಾಕು. ನೀರಿನಲ್ಲಿ ಕರಗಿದ ಲವಣಗಳು ನೀರು ಆವಿಯಾದಂತೆಲ್ಲ ದಟ್ಟವಾಗುತ್ತವೆ. ಒಂದು ಹಂತ ದಾಟಿದ ಮೇಲೆ ಅಷ್ಟನ್ನು ಕರಗಿಸಿ ಇಟ್ಟುಕೊಳ್ಳಲು ನೀರಿಗೆ ಆಗುವುದಿಲ್ಲ, ಲವಣ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಹೀಗೆ ಹುಟ್ಟಿದ್ದು ಎವಾಪೊರೈಟ್ ಖನಿಜ. ಅದೇ ಪದರದ ಮೇಲೆ ಪದರ ಕೂತು ಬಂಡೆಯಾದರೆ ಎವಾಪೊರೈಟ್ ಶಿಲೆ.

ಅಡುಗೆ ಉಪ್ಪು ಇವುಗಳಲ್ಲಿ ಒಂದು, ಖನಿಜವಾಗಿ ಅದರ ಹೆಸರು ಹ್ಯಾಲೈಟ್. ಫಾಲ್ಸ್ ಸೀಲಿಂಗ್ ಹಲಗೆಯಲ್ಲೂ ಕೈ ಮುರಿದಾಗ ಹಾಕುವ ಪಿಒಪಿ ಪಟ್ಟಿಯಲ್ಲೂ ಇರುವುದು ಜಿಪ್ಸಮ್. ಹೊಲಕ್ಕೆ ಹಾಕುವ ಪೊಟ್ಯಾಶ್ ಸಿಲ್ವೈಟ್ ಎಂಬ ಖನಿಜದಿಂದ ಬರುತ್ತದೆ. ಅಕ್ಕಸಾಲಿಗರ ಬಿಳಿಗಾರವೂ ಇದೇ ಬಳಗದ್ದು. ಮರಳುಗಲ್ಲು, ಜೇಡಿಗಲ್ಲುಗಳು ಎಲ್ಲೋ ಸವೆದ ಬಂಡೆಯ ಚೂರುಗಳಿಂದ ಆದವು. ಎವಾಪೊರೈಟ್‌ಗೆ ಅಂಥ ಚೂರುಗಳು ಬೇಕಿಲ್ಲ, ಅದು ನೀರಿನಿಂದ ನೇರವಾಗಿ ಹುಟ್ಟುತ್ತದೆ.

ಸಮುದ್ರದ ನೀರು ಪೂರ್ತಿ ಬತ್ತಿದ್ರೆ ಬರೀ ಅಡುಗೆ ಉಪ್ಪು ಉಳಿಯೋದಲ್ವಾ?

ಮನೆಯ ಮೇಲಿನ 1000 ಲೀಟರಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಅದರ ತುಂಬ ಸಮುದ್ರದ ನೀರು ತುಂಬಿ ಬಿಸಿಲಿಗೆ ಇಟ್ಟಿದ್ದೇವೆ ಎಂದುಕೊಳ್ಳಿ. ಅದರಲ್ಲಿ ಕರಗಿರುವ ಲವಣ ಸುಮಾರು 36 ಕಿಲೋ.

ನೀರು ಅರ್ಧಕ್ಕೆ ಇಳಿಯುವವರೆಗೆ ಏನೂ ಕಾಣುವುದಿಲ್ಲ. 500 ಲೀಟರಿನ ಆಸುಪಾಸಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲು ಕೂರುತ್ತದೆ. ಒಟ್ಟು ನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 200 ಲೀಟರಿಗೆ ಇಳಿದಾಗ ಜಿಪ್ಸಮ್ ಶುರು, ಅದು ಒಂದೂವರೆ ಕಿಲೋ ಚಿಲ್ಲರೆ. 100 ಲೀಟರ್ ಉಳಿದಾಗ ಹ್ಯಾಲೈಟ್ ಬರತೊಡಗುತ್ತದೆ. ಇದೇ ದೊಡ್ಡ ಪಾಲು, ಸುಮಾರು 28 ಕಿಲೋ. ಕೊನೆಗೆ 20 ಲೀಟರಿಗಿಂತ ಕಡಿಮೆಯಾದ ಮೇಲೆ, ಎಣ್ಣೆಯಂತೆ ಮಂದವಾದ ಕಹಿ ನೀರಿನಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಹರಳುಗಟ್ಟುತ್ತವೆ.

ಈ ಸರದಿಯನ್ನು ಮೆಡಿಟರೇನಿಯನ್ ನೀರನ್ನು ಬತ್ತಿಸಿ ಅಳೆದು ತೋರಿಸಿದವರು ಇಟಲಿಯ ರಸಾಯನವಿಜ್ಞಾನಿ ಉಸಿಲ್ಯೊ, 1849ರಲ್ಲಿ. ಕಡಿಮೆ ಕರಗುವುದು ಮೊದಲು ಹೊರಗೆ, ಹೆಚ್ಚು ಕರಗುವುದು ಕೊನೆಗೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಜಿಪ್ಸಮ್ ಎರಡು ಗ್ರಾಮ್ ಚಿಲ್ಲರೆ ಕರಗಿದರೆ, ಅಡುಗೆ ಉಪ್ಪು 350 ಗ್ರಾಮಿಗೂ ಹೆಚ್ಚು ಕರಗುತ್ತದೆ. ಸಾಗರದಲ್ಲಿ ಉಪ್ಪು ಹೇರಳವಾಗಿದ್ದರೂ ಸರದಿಯಲ್ಲಿ ಜಿಪ್ಸಮ್‌ನ ಹಿಂದೆ ನಿಲ್ಲುವುದು ಇದಕ್ಕೇ.

ನಮ್ಮ ಸಾಣಿಕಟ್ಟಾ ಆಗರದಲ್ಲಿ ನಡೆಯೋದೂ ಇದೇನಾ?

ಇದೇ. ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಜನವರಿಯಿಂದ ಮೇ ನಡುವೆ ಹೋದರೆ ಭೂವಿಜ್ಞಾನದ ಒಂದು ಅಧ್ಯಾಯವನ್ನೇ ನಡೆದು ನೋಡಬಹುದು. ಅಘನಾಶಿನಿಯ ಅಳಿವೆಯಲ್ಲಿ ಭರತ ಬಂದಾಗ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹರಿಸುತ್ತ ದಟ್ಟವಾಗಿಸುತ್ತಾರೆ. ದೊಡ್ಡ ಆಗರಗಳಲ್ಲಿ ದಟ್ಟಣೆಯನ್ನು ಬೋಮೆ ಮಾಪಕದಿಂದ ಅಳೆಯುತ್ತಾರೆ. ಸಮುದ್ರದ ನೀರು ಮೂರೂವರೆ ಡಿಗ್ರಿ ಆಸುಪಾಸು. ಹದಿಮೂರರ ಹೊತ್ತಿಗೆ ಜಿಪ್ಸಮ್ ಶುರು. ಇಪ್ಪತ್ತೈದು ಮುಟ್ಟಿದ ನೀರನ್ನಷ್ಟೇ ಉಪ್ಪು ಕಟ್ಟುವ ಕೊನೆಯ ಗದ್ದೆಗೆ ಬಿಡುತ್ತಾರೆ. ಇಪ್ಪತ್ತೊಂಬತ್ತು ದಾಟಿದರೆ ಉಳಿದದ್ದನ್ನು ಹೊರಗೆ ಹರಿಸಿಬಿಡುತ್ತಾರೆ. ಬಿಟ್ಟರೆ ಉಪ್ಪು ಕಹಿಯಾಗುತ್ತದೆ.

ನನಗೆ ಅಲ್ಲಿ ಅತ್ಯಂತ ಇಷ್ಟವಾದದ್ದು ಗಾಳಿ ನಿಂತ ಮಧ್ಯಾಹ್ನ. ನೀರಿನ ಮೇಲೆ ಹಾಲಿಗೆ ಕೆನೆ ಕಟ್ಟಿದ ಹಾಗೆ ತೆಳ್ಳಗೆ ಉಪ್ಪು ತೇಲುತ್ತಿರುತ್ತದೆ. ಅದರಲ್ಲೊಂದು ಹರಳನ್ನು ಉಗುರಿನಿಂದ ಎತ್ತಿ ಅಂಗೈ ಮೇಲಿಟ್ಟು ನೋಡಿ: ಹಂಪಿಯ ಪುಷ್ಕರಣಿಯನ್ನು ಸಾಸಿವೆಯಷ್ಟಕ್ಕೆ ಇಳಿಸಿದ ಹಾಗೆ, ನಾಲ್ಕೂ ಕಡೆ ಮೆಟ್ಟಿಲು, ನಡುವೆ ಹಳ್ಳ. ಆವಿಯಾಗುವುದು ನೀರಿನ ಮೇಲ್ಮೈಯಲ್ಲಿ, ಹಾಗಾಗಿ ಹರಳು ಅಲ್ಲೇ ಹುಟ್ಟುತ್ತದೆ. ಬೆಳೆದಂತೆ ತೂಕಕ್ಕೆ ಒಂದಿಷ್ಟು ತಗ್ಗುತ್ತದೆ. ನೀರಿನ ಮಟ್ಟದಲ್ಲಿರುವ ಅಂಚಿನಲ್ಲಿ ಮಾತ್ರ ಹೊಸ ಉಪ್ಪು ಸೇರುತ್ತದೆ. ಮತ್ತೆ ತಗ್ಗು, ಮತ್ತೆ ಒಂದು ಮೆಟ್ಟಿಲು. ಗಾಳಿ ಎದ್ದರೆ ಎಲ್ಲ ಮುಳುಗಿ ತಳ ಸೇರುತ್ತವೆ. ಕೋಟಿಗಟ್ಟಲೆ ವರ್ಷ ಹಳೆಯ ಉಪ್ಪಿನ ಬಂಡೆಯಲ್ಲೂ ಇದೇ ಮೆಟ್ಟಿಲ ಹರಳುಗಳು ಸಿಗುತ್ತವೆ. ಅಲ್ಲಿ ಒಂದು ಕಾಲಕ್ಕೆ ನಿಂತ ನೀರಿತ್ತು ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.

ಕಲ್ಲುಪ್ಪು, ಸೈಂಧವ ಲವಣ, ಪಿಂಕ್ ಸಾಲ್ಟ್: ಇವೆಲ್ಲ ಬೇರೆ ಬೇರೇನಾ?

ಖನಿಜ ಒಂದೇ, ಹ್ಯಾಲೈಟ್. ಗೊಂದಲ ಇರುವುದು ಹೆಸರಿನಲ್ಲಿ. ನಾವು ಅಂಗಡಿಯಲ್ಲಿ ಕೇಳುವ ಕಲ್ಲುಪ್ಪು ಅಥವಾ ಹರಳುಪ್ಪು ಸಾಮಾನ್ಯವಾಗಿ ಸಮುದ್ರದ ಆಗರದ್ದು, ಕೆಲವು ತಿಂಗಳ ಹಿಂದೆ ಹುಟ್ಟಿದ್ದು. ಸೈಂಧವ ನಿಜವಾದ ಬಂಡೆಯುಪ್ಪು. ಸಿಂಧೂ ಸೀಮೆಯಿಂದ ಬಂದದ್ದು ಎಂದೇ ಆ ಹೆಸರಿನ ಅರ್ಥ. ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯ ಉಪ್ಪು ಅದು, 50 ಕೋಟಿ ವರ್ಷಕ್ಕೂ ಹಳೆಯ ಸಮುದ್ರದ್ದು. ಅದನ್ನೇ ಈಗ ಹಿಮಾಲಯನ್ ಪಿಂಕ್ ಸಾಲ್ಟ್ ಎಂದು ಮಾರುತ್ತಾರೆ. ಗುಲಾಬಿ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನ ಸಣ್ಣ ಅಂಶದಿಂದ. ಭಾರತದಲ್ಲಿ ಬಂಡೆಯುಪ್ಪು ತೆಗೆಯುವುದು ಹಿಮಾಚಲದ ಮಂಡಿ ಜಿಲ್ಲೆಯ ದ್ರಂಗ್ ಮತ್ತು ಗುಮ್ಮಾದಲ್ಲಿ. ಆರೋಗ್ಯದ ಲೆಕ್ಕದಲ್ಲಿ ಇವುಗಳ ನಡುವೆ ದೊಡ್ಡ ಅಂತರ ಹುಡುಕಬೇಡಿ. ಅಯೋಡಿನ್ ಬೆರೆಸಿದ ಉಪ್ಪನ್ನು ಬಿಟ್ಟು ಪೂರ್ತಿ ಇದಕ್ಕೇ ಬದಲಾಗುವುದು ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋರ್‌ವೆಲ್ ನೀರಿಗೆ ಸೋಲಾರ್ ಹೀಟರ್ ಪೈಪಿನಲ್ಲಿ ಬಿಳಿ ಪದರ ಕಟ್ಟುತ್ತೆ. ಅದೂ ಎವಾಪೊರೈಟಾ?

ಸಾಮಾನ್ಯವಾಗಿ ಅಲ್ಲ. ಪೈಪಿನೊಳಗೆ ನೀರು ಆವಿಯಾಗಿ ಹೋಗುವುದಿಲ್ಲ. ಬಿಸಿಯಾದಾಗ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಅದರ ಆಸರೆಯಲ್ಲಿ ಕರಗಿದ್ದ ಸುಣ್ಣ ಕೂರುತ್ತದೆ. ಗೋಡೆಯ ಬುಡದಲ್ಲಿ ತೇವ ಏರಿ ಒಣಗಿದ ಕಡೆ ಹೂವಿನಂತೆ ಎದ್ದು ಉದುರುವ ಬಿಳಿ ಪುಡಿ ಮಾತ್ರ ನಿಜವಾಗಿ ಆವಿಯಾಗುವುದರಿಂದ ಬಂದದ್ದು.

## ಸಮುದ್ರ, ಸರೋವರ, ಬಯಲು

ಕಿಲೋಮೀಟರ್ ದಪ್ಪದ ಉಪ್ಪಿನ ಪದರ ಇದೆ ಅಂತೀರಿ. ಅಷ್ಟು ಆಗಬೇಕಾದ್ರೆ ಎಷ್ಟು ಸಮುದ್ರ ಬತ್ತಬೇಕು?

ನನಗೆ ಬರುವ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಇದು. ಲೆಕ್ಕ ಹಾಕೋಣ. 1000 ಮೀಟರ್ ಆಳದ ಸಮುದ್ರವನ್ನು ಪೂರ್ತಿ ಬತ್ತಿಸಿದರೆ ತಳದಲ್ಲಿ ಉಳಿಯುವ ಎಲ್ಲ ಲವಣದ ದಪ್ಪ 16-17 ಮೀಟರ್ ಮಾತ್ರ. ಹಾಗಾದರೆ ಒಂದು ಕಿಲೋಮೀಟರ್ ಉಪ್ಪಿಗೆ 60 ಕಿಲೋಮೀಟರ್ ಆಳದ ಸಮುದ್ರ ಬೇಕು. ಅಂಥದ್ದು ಭೂಮಿಯ ಮೇಲೆ ಎಲ್ಲೂ ಇಲ್ಲ.

ಹಾಗಾಗಿ ಒಂದು ಸಲ ಬತ್ತಿ ಮುಗಿಯುವ ಕತೆ ಇದಲ್ಲ. ಬತ್ತುತ್ತಿರುವಾಗಲೇ ಹೊಸ ಸಮುದ್ರದ ನೀರು ಒಳಗೆ ಬರುತ್ತಲೇ ಇರಬೇಕು, ಆದರೆ ದಟ್ಟವಾದ ನೀರು ಹೊರಗೆ ಹೋಗಬಾರದು. ಆಗರದವರು ತೂಬಿನಿಂದ ಮಾಡುವ ಕೆಲಸವನ್ನು ಇಲ್ಲಿ ಭೂಮಿ ಮಾಡಬೇಕು. ನೆಲ ಮೇಲೆದ್ದು ಅಥವಾ ಸಮುದ್ರಮಟ್ಟ ಇಳಿದು ಕಿರಿದಾದ ಬಾಯಿ ಉಳಿದರೆ ಅದೇ ತೂಬು. ಇದನ್ನು 1877ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ಓಕ್ಸೇನಿಯಸ್. ಕ್ಯಾಸ್ಪಿಯನ್ ಸಮುದ್ರದ ಪೂರ್ವಕ್ಕಿರುವ ಕಾರಾ ಬೊಗಾಜ್ ಗೋಲ್ ಕೊಲ್ಲಿ ಇದಕ್ಕೆ ಜೀವಂತ ಉದಾಹರಣೆ: ಕಿರಿದಾದ ಬಾಯಿಯಿಂದ ಕ್ಯಾಸ್ಪಿಯನ್ ನೀರು ಒಳಗೆ ಸುರಿಯುತ್ತದೆ, ಮರುಭೂಮಿಯ ಬಿಸಿಲಿಗೆ ಅಲ್ಲೇ ಆವಿಯಾಗುತ್ತದೆ. 1980ರಲ್ಲಿ ಸೋವಿಯತ್ ಸರ್ಕಾರ ಆ ಬಾಯಿಗೆ ಕಟ್ಟೆ ಹಾಕಿತು. ಕೆಲವೇ ವರ್ಷಗಳಲ್ಲಿ ಕೊಲ್ಲಿ ಬತ್ತಿ ಉಪ್ಪಿನ ಬಯಲಾಯಿತು. 1992ರಲ್ಲಿ ಕಟ್ಟೆ ಒಡೆದ ಮೇಲೆ ಮತ್ತೆ ತುಂಬಿತು.

ಇದರ ದೊಡ್ಡ ರೂಪ ಮೆಡಿಟರೇನಿಯನ್. 1970ರಲ್ಲಿ ಗ್ಲೋಮಾರ್ ಚಾಲೆಂಜರ್ ಹಡಗು ಅದರ ಆಳದ ತಳವನ್ನು ಕೊರೆದಾಗ ಜಿಪ್ಸಮ್, ಅದರ ನೀರಿಲ್ಲದ ರೂಪವಾದ ಆನ್‌ಹೈಡ್ರೈಟ್, ಹ್ಯಾಲೈಟ್ ಮೇಲೆ ಬಂದವು. ಸುಮಾರು 59.7 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಜೊತೆಗಿನ ಸಂಪರ್ಕ ಕಿರಿದಾಗುತ್ತ ಹೋಗಿ, 53.3 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರ್ ಮತ್ತೆ ತೆರೆಯುವವರೆಗೆ ಅಲ್ಲಿ ಸುಮಾರು ಹತ್ತು ಲಕ್ಷ ಘನ ಕಿಲೋಮೀಟರ್ ಲವಣ ಕೂತಿತು. ಈಗಿನ ಮೆಡಿಟರೇನಿಯನ್ ಒಮ್ಮೆ ಪೂರ್ತಿ ಬತ್ತಿದರೆ ಸಿಗುವುದು 65-70 ಸಾವಿರ ಘನ ಕಿಲೋಮೀಟರ್. ಅಂದರೆ ಹದಿನೈದು ಸಲದಷ್ಟು ನೀರು ಬಂದು ಬತ್ತಿರಬೇಕು. ಆ ಸಮುದ್ರ ನಿಜಕ್ಕೂ ತಳ ಕಾಣುವಷ್ಟು ಒಣಗಿತ್ತೋ, ಆಳವಾದ ದಟ್ಟ ಉಪ್ಪುನೀರು ತುಂಬಿಕೊಂಡೇ ಉಪ್ಪು ಕೂತಿತೋ ಎಂಬ ವಾದ ಇನ್ನೂ ನಿಂತಿಲ್ಲ. ಎರಡರಲ್ಲಿ ಯಾವುದೇ ಆದರೂ ಒಳಬರುವ ನೀರು ಬೇಕೇ ಬೇಕು. ಇದು ಮನಸ್ಸಿನಲ್ಲಿ ಕೂತರೆ ಎವಾಪೊರೈಟ್ ವಿಷಯದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ರಾಜಸ್ಥಾನದಲ್ಲಿ ಸಮುದ್ರವೇ ಇಲ್ಲ. ಸಾಂಭರ್ ಕೆರೆಗೆ ಉಪ್ಪು ಎಲ್ಲಿಂದ ಬಂತು?

ಹೊಳೆ, ಮಳೆ, ಗಾಳಿ. ಸಿಹಿನೀರು ಎನ್ನುವ ಹೊಳೆಯ ನೀರಿನಲ್ಲೂ ಬಂಡೆ ಸವೆದು ಬಂದ ಲವಣ ಒಂದಿಷ್ಟು ಇದ್ದೇ ಇರುತ್ತದೆ. ಸಾಂಭರ್‌ಗೆ ಮೆಂಢಾ, ರೂಪನಗಢದಂಥ ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹೋಗುವ ದಾರಿ ಇಲ್ಲ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ, ಸಾವಿರಾರು ವರ್ಷ ಹೀಗೇ. ಕಛ್‌ನ ರಣದ ಕಡೆಯಿಂದ ಗಾಳಿ ಉಪ್ಪಿನ ದೂಳನ್ನು ಹೊತ್ತು ತರುತ್ತದೆ ಎಂದು 1909ರಲ್ಲಿ ಹಾಲೆಂಡ್ ಮತ್ತು ಕ್ರಿಸ್ಟಿ ವಾದಿಸಿದ್ದರು. ಆಮೇಲಿನ ಅಧ್ಯಯನಗಳು ಬಂಡೆ ಸವೆತಕ್ಕೂ ಮಳೆಗೂ ಹೆಚ್ಚಿನ ಪಾಲು ಕೊಡುತ್ತವೆ.

ಎಲ್ಲ ಕಡೆ ಸಮುದ್ರದ ನೀರು ಒಂದೇ ಬಗೆಯದು, ಕೆರೆಗಳು ಹಾಗಲ್ಲ. ಯಾವ ಕೆರೆಯಲ್ಲಿ ಯಾವ ಖನಿಜ ಹುಟ್ಟುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲ ಹೆಜ್ಜೆಯೇ ತೀರ್ಮಾನಿಸುತ್ತದೆ. ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಜೋಡಿಯಾಗಿಯೇ ಸುಣ್ಣವಾಗಿ ಹೊರಹೋಗುತ್ತವೆ. ಚಪ್ಪಲಿ ಅಂಗಡಿಯಲ್ಲಿ ಎಡಗಾಲಿನವು ನೂರು, ಬಲಗಾಲಿನವು ಎಂಬತ್ತು ಇದ್ದರೆ, ಜೋಡಿ ಮಾಡಿ ಮಾರಿದ ಮೇಲೆ ಉಳಿಯುವುದು ಬರೀ ಎಡಗಾಲಿನವು ತಾನೆ? ಹಾಗೆಯೇ ಇಲ್ಲಿ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಉಳಿದು ಮುಂದೆ ಜಿಪ್ಸಮ್ ಹುಟ್ಟುತ್ತದೆ. ಕಾರ್ಬೊನೇಟ್ ಹೆಚ್ಚಿದ್ದರೆ ಕ್ಯಾಲ್ಸಿಯಂ ಖಾಲಿಯಾಗುತ್ತದೆ, ಜಿಪ್ಸಮ್ ಬರುವಂತೆಯೇ ಇಲ್ಲ, ನೀರು ಸೋಡಾ ನೀರಾಗುತ್ತದೆ. ಹಾರ್ಡಿ ಮತ್ತು ಯೂಗ್‌ಸ್ಟರ್ 1970ರಲ್ಲಿ ಕೊಟ್ಟ ವಿವರಣೆ ಇದು. ಮಹಾರಾಷ್ಟ್ರದ ಲೋನಾರ್ ಕೆರೆ ಎರಡನೆಯ ದಾರಿ ಹಿಡಿದದ್ದು, ಅದರ ನೀರು ಕ್ಷಾರ, ಅಂಚಿನಲ್ಲಿ ಟ್ರೋನಾ ಎಂಬ ಸೋಡಾ ಖನಿಜ. ಅಮೆರಿಕದ ವಯೋಮಿಂಗ್‌ನಲ್ಲಿ ಸುಮಾರು 5 ಕೋಟಿ ವರ್ಷ ಹಿಂದಿನ ಇಂಥದೇ ಕೆರೆ ಬಿಟ್ಟುಹೋದ ಟ್ರೋನಾದಿಂದ ಇಂದು ಗಾಜಿಗೂ ಸಾಬೂನು ಪುಡಿಗೂ ಬೇಕಾದ ಸೋಡಾ ತಯಾರಾಗುತ್ತದೆ.

ಅಬುಧಾಬಿಯಲ್ಲಿ ಕೆಲಸದಲ್ಲಿದ್ದೇನೆ. ಕರಾವಳಿ ರಸ್ತೆ ಪಕ್ಕ ಬಿಳಿ ಚಕ್ಕೆ ಎದ್ದ ಬಯಲು ಕಾಣುತ್ತೆ, ನೀರಂತೂ ಇಲ್ಲ. ಇದೂ ಅದೇನಾ?

ಹೌದು, ನೀವು ಇರುವ ಜಾಗ ಈ ವಿಷಯದ ತೀರ್ಥಕ್ಷೇತ್ರ. ಆ ಬಯಲಿಗೆ ಅರಬ್ಬಿಯಲ್ಲಿ ಸಬ್‌ಖಾ ಎನ್ನುತ್ತಾರೆ. ನೀರು ಇದೆ, ಕಾಣುವುದಿಲ್ಲ ಅಷ್ಟೇ. ಮೇಲ್ಮೈಯಿಂದ ಸ್ವಲ್ಪ ಕೆಳಗೇ ಉಪ್ಪುನೀರಿನ ಮಟ್ಟವಿದೆ. ದೀಪದ ಬತ್ತಿ ಎಣ್ಣೆ ಏರಿಸುವಂತೆ ಮರಳು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ, ಬಿಸಿಲು ಅದನ್ನು ಆವಿ ಮಾಡುತ್ತದೆ. ಖನಿಜ ಹುಟ್ಟುವುದು ಕೆರೆಯ ತಳದಲ್ಲಿ ಅಲ್ಲ, ಮಣ್ಣಿನ ಒಳಗೇ. ಮಸೂರದಂಥ ಜಿಪ್ಸಮ್ ಹರಳುಗಳು ಮರಳನ್ನು ಒಳಗೆ ಸೇರಿಸಿಕೊಂಡು ಗುಲಾಬಿ ಎಸಳಿನ ಹಾಗೆ ಗುಂಪಾಗಿ ಬೆಳೆಯುತ್ತವೆ. ಅಂಗಡಿಗಳಲ್ಲಿ ಡೆಸರ್ಟ್ ರೋಸ್ ಎಂದು ಮಾರುವುದು ಅದನ್ನೇ. ಇನ್ನೂ ಬಿಸಿಯಾದ, ಒಣಗಿದ ಜಾಗದಲ್ಲಿ ಆನ್‌ಹೈಡ್ರೈಟ್ ಗಂಟುಗಳು ಒಂದನ್ನೊಂದು ಒತ್ತಿಕೊಂಡು, ನಡುವೆ ಉಳಿದ ಮಣ್ಣು ಕೋಳಿಗೂಡಿನ ತಂತಿಬಲೆಯಂತೆ ಕಾಣುತ್ತದೆ. 1960ರ ದಶಕದಲ್ಲಿ ಇಲ್ಲಿ ಇದನ್ನು ನೋಡಿದ ಮೇಲೆ, ಹಳೆಯ ಬಂಡೆಗಳಲ್ಲಿನ ಅದೇ ಬಲೆಯ ವಿನ್ಯಾಸದ ಅರ್ಥ ಭೂವಿಜ್ಞಾನಿಗಳಿಗೆ ಹೊಳೆಯಿತು. ಒಂದು ಎಚ್ಚರಿಕೆ: ಮೇಲಿನ ಚಕ್ಕೆ ಗಟ್ಟಿ ಕಂಡರೂ ಗಾಡಿ ಇಳಿಸಬೇಡಿ, ಕೆಳಗೆ ಕೆಸರು.

ಕರ್ನಾಟಕದಲ್ಲಿ ಉಪ್ಪಿನ ಗಣಿ ಯಾಕಿಲ್ಲ?

ನಮ್ಮ ನೆಲದ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟು, ನೈಸು, ಧಾರವಾಡ ಶಿಲೆಗಳು; ಉತ್ತರದಲ್ಲಿ ಅವುಗಳ ಮೇಲೆ ಲಾವಾದ ಕಪ್ಪುಕಲ್ಲು. ದಪ್ಪ ಉಪ್ಪು ಕೂರುವಂಥ ಒಣಹವೆಯ, ಬಾಯಿ ಕಿರಿದಾದ ಸಮುದ್ರ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಉಳಿದ ದಾಖಲೆ ಇಲ್ಲ. ಇದ್ದರೂ ಮೇಲೆ ಬಿಗಿಯಾದ ಹೊದಿಕೆ ಇಲ್ಲದಿದ್ದರೆ ಅಂತರ್ಜಲ ಕರಗಿಸಿ ಒಯ್ದುಬಿಡುತ್ತದೆ. ಜಗತ್ತಿನಲ್ಲೇ ತೀರ ಹಳೆಯ ದಪ್ಪ ಉಪ್ಪು ಅಪರೂಪ. ರಷ್ಯಾದ ಒನೇಗಾ ಸರೋವರದ ಹತ್ತಿರ ಕೊರೆದು ತೆಗೆದ ಸುಮಾರು 200 ಕೋಟಿ ವರ್ಷದ ಉಪ್ಪು ಉಳಿದಿರುವುದೇ ಆಶ್ಚರ್ಯ.

ಹಾಗೆಂದು ಇಲ್ಲಿ ಆ ಕ್ರಿಯೆ ನಡೆಯುವುದಿಲ್ಲ ಎಂದಲ್ಲ. ಒಳನಾಡಿನ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು ಉಪ್ಪು ತೆಗೆಯುತ್ತಿದ್ದರು, ಕುಲದ ಹೆಸರೇ ಆ ಕಸುಬಿನದು. ಇಂದು ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ರೈತರನ್ನು ಕಾಡುವ ಸವಳು-ಜವಳೂ ಇದೇ. ಕಾಲುವೆ ನೀರು ಹೆಚ್ಚಾಗಿ ಬಿಟ್ಟು, ಬಸಿಗಾಲುವೆ ಇಲ್ಲದೆ ಅಂತರ್ಜಲ ಮೇಲೇರಿದರೆ, ಕರಿಮಣ್ಣು ಅದನ್ನು ಬತ್ತಿಯಂತೆ ಎಳೆದು ಲವಣವನ್ನು ಮೇಲೆ ಬಿಡುತ್ತದೆ. ಹೊಲದ ಮೇಲೆ ಬಿಳಿ ಚಾದರ ಹಾಸಿದ ಹಾಗೆ ಕಂಡಾಗ ಹೊಟ್ಟೆ ಉರಿಯುತ್ತದೆ. ಸೋಡಿಯಂ ಹೆಚ್ಚಿ ಮಣ್ಣು ಕ್ಷಾರವಾಗಿದ್ದರೆ ಔಷಧ ಜಿಪ್ಸಮ್: ಅದರ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನ ಜೊತೆ ಬಸಿದು ಹೋಗಬೇಕು. ಬಸಿಯಲು ದಾರಿ ಇಲ್ಲದಿದ್ದರೆ ಎಷ್ಟು ಚೀಲ ಹಾಕಿದರೂ ವ್ಯರ್ಥ. ನಾವು ಹಾಕುವ ಜಿಪ್ಸಮ್ ರಾಜಸ್ಥಾನದ ಗಣಿಯದ್ದಾದರೆ ಅದೂ ಎಂದೋ ಬತ್ತಿದ ನೀರಿನದ್ದೇ.

ಗೊಬ್ಬರದಂಗಡಿಯ ಕೆಂಪು ಪೊಟ್ಯಾಶ್ ಸಮುದ್ರದ್ದು ಅಂದ್ರೆ ನಂಬಬೇಕಾ?

ನಂಬಿ. ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್) ಚೀಲದಿಂದ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದರೆ ಹರಳಿನ ಮುಖಗಳು ಮಿನುಗುತ್ತವೆ. ಅದು ಸಿಲ್ವೈಟ್, ಪೊಟ್ಯಾಸಿಯಂ ಕ್ಲೋರೈಡ್. ಕೆಂಪು ಬಣ್ಣ ಹೆಮಟೈಟ್‌ನ ಸೂಕ್ಷ್ಮ ಕಣಗಳದ್ದು. ಭಾರತ ತನಗೆ ಬೇಕಾದ ಎಂಒಪಿಯನ್ನು ಬಹುತೇಕ ಪೂರ್ತಿ ಆಮದು ಮಾಡಿಕೊಳ್ಳುತ್ತದೆ. ಅತಿ ಹೆಚ್ಚು ತೆಗೆಯುವ ದೇಶ ಕೆನಡಾ. ಅಲ್ಲಿನ ಸಸ್ಕ್ಯಾಚೆವಾನ್‌ನಲ್ಲಿ ಒಂದು ಕಿಲೋಮೀಟರ್ ಆಸುಪಾಸಿನ ಆಳದಿಂದ, 38 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರ ಬಿಟ್ಟದ್ದನ್ನು ತೆಗೆಯುತ್ತಾರೆ. ರಾಜಸ್ಥಾನದ ನಾಗೌರ್-ಗಂಗಾನಗರ ತಳದಲ್ಲೂ ಪೊಟ್ಯಾಶ್ ಇರುವ ಪದರಗಳು ಪತ್ತೆಯಾಗಿವೆ.

ಪೊಟ್ಯಾಶ್ ಗಣಿಗಾರಿಕೆ ಮೊದಲಾದದ್ದು ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ, 1861ರಲ್ಲಿ. ಅಲ್ಲಿ ಅಡುಗೆ ಉಪ್ಪಿಗಾಗಿ ಬಾವಿ ತೋಡಿದ್ದರು. ಮೇಲಿದ್ದ ಕಹಿ ಪದರಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ ತೆಗೆದು ಹಾಕಬೇಕಾದ ಉಪ್ಪು ಎಂದು. ಬೆಲೆ ಇದ್ದದ್ದು ಅದಕ್ಕೇ ಎಂದು ಆಮೇಲೆ ತಿಳಿಯಿತು. ರಸಾಯನವಿಜ್ಞಾನದ ಮೊದಲ ನೊಬೆಲ್ ಪಡೆದ ವಾಂಟ್ ಹಾಫ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಇದೇ ಸ್ಟಾಸ್‌ಫುರ್ಟ್ ಲವಣಗಳು ಹುಟ್ಟಿದ ಬಗೆ ತಿಳಿಯಲು ಕೊಟ್ಟರು.

## ಇನ್ನೂ ಆಳಕ್ಕೆ

ಮಳೆಗಾಲದಲ್ಲಿ ಹರಳುಪ್ಪಿನ ಜಾಡಿ ನೀರು ಬಿಡೋದಕ್ಕೂ ಪೊಟ್ಯಾಶ್ ಅಪರೂಪ ಆಗಿರೋದಕ್ಕೂ ಸಂಬಂಧ ಇದೆ ಅಂದ್ರಲ್ಲ, ಹೇಗೆ?

ಎರಡರ ಹಿಂದೆಯೂ ಇರುವುದು ಗಾಳಿಯ ತೇವ. ನೀರು ಉಪ್ಪಾದಷ್ಟೂ ಆವಿಯಾಗುವುದು ಕಷ್ಟ. ಹ್ಯಾಲೈಟ್ ಹರಳುಗಟ್ಟುವ ದಟ್ಟಣೆಯ ನೀರು, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75%ಕ್ಕಿಂತ ಕಡಿಮೆ ಇದ್ದರೆ ಮಾತ್ರ ಬತ್ತುತ್ತದೆ. ಹೆಚ್ಚಿದ್ದರೆ ಗಾಳಿಯಿಂದಲೇ ನೀರು ಹೀರುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಆಸೆಬುರುಕ, 33% ಆರ್ದ್ರತೆಯಲ್ಲೇ ನೀರು ಎಳೆಯಲು ತೊಡಗುತ್ತದೆ. ಆಗರದ ಹರಳುಪ್ಪಿಗೆ ಆ ಕಹಿ ನೀರಿನ ಅಂಶ ಒಂದಿಷ್ಟು ಅಂಟಿರುತ್ತದೆ, ಅದಕ್ಕೇ ಆಷಾಢದಲ್ಲಿ ಜಾಡಿ ಒದ್ದೆ.

ಈಗ ಪೊಟ್ಯಾಶ್‌ಗೆ ಬನ್ನಿ. ಅದು ಹರಳುಗಟ್ಟುವ ಹೊತ್ತಿಗೆ ನೀರಿನ ತುಂಬ ಮೆಗ್ನೀಸಿಯಂ ಲವಣವೇ. ಅಷ್ಟು ಮಂದವಾದ ನೀರನ್ನು ಇನ್ನೂ ಬತ್ತಿಸಬೇಕಾದರೆ ಸಮುದ್ರದ ಪಕ್ಕದಲ್ಲಿದ್ದೂ ಗಾಳಿ ಮರುಭೂಮಿಯಷ್ಟು ಒಣಗಿರಬೇಕು. ಮಂಗಳೂರಿನ ಸೆಕೆಯಲ್ಲಿ ಬೆವರು ಆರದೆ ಕೂತವರಿಗೆ ಇದು ಬೇಗ ಅರ್ಥವಾಗುತ್ತದೆ: ಬಿಸಿ ಇದ್ದರಷ್ಟೇ ಸಾಲದು. ಜಗತ್ತಿನಲ್ಲಿ ಜಿಪ್ಸಮ್ ಬಹಳ ಕಡೆ, ಹ್ಯಾಲೈಟ್ ಕೆಲವು ಕಡೆ, ಪೊಟ್ಯಾಶ್ ಬೆರಳೆಣಿಕೆಯ ಕಡೆ ಮಾತ್ರ ಸಿಗುವುದಕ್ಕೆ ಇದು ಮುಖ್ಯ ಕಾರಣ.

ಜಿಪ್ಸಮ್, ಆನ್‌ಹೈಡ್ರೈಟ್ ಎರಡೂ ಕ್ಯಾಲ್ಸಿಯಂ ಸಲ್ಫೇಟ್ ತಾನೆ? ಎರಡು ಹೆಸರು ಯಾಕೆ?

ಜಿಪ್ಸಮ್ ಹರಳಿನೊಳಗೆ ನೀರು ಇದೆ, ಆನ್‌ಹೈಡ್ರೈಟ್‌ನಲ್ಲಿ ಇಲ್ಲ. ಜಿಪ್ಸಮ್ ಉಗುರಿನಲ್ಲಿ ಗೀರುವಷ್ಟು ಮೆದು, ಆನ್‌ಹೈಡ್ರೈಟ್ ಉಗುರಿಗೆ ಬಗ್ಗುವುದಿಲ್ಲ. ಜಿಪ್ಸಮ್ ಮೇಲೆ ನೂರಾರು ಮೀಟರ್ ಕೆಸರು ಕೂತು ಬಿಸಿಯೂ ಒತ್ತಡವೂ ಏರಿದರೆ ನೀರು ಬಿಟ್ಟು ಆನ್‌ಹೈಡ್ರೈಟ್ ಆಗುತ್ತದೆ. ಮುಂದೆ ನೆಲ ಸವೆದು ಮೇಲೆ ಬಂದು ಮಳೆನೀರು ತಾಗಿದರೆ ಮತ್ತೆ ಜಿಪ್ಸಮ್. ಹೋಗುವಾಗ ಕುಗ್ಗುತ್ತದೆ, ಬರುವಾಗ ಗಾತ್ರ ಸುಮಾರು 60% ಹಿಗ್ಗುತ್ತದೆ.

ಆ ಹಿಗ್ಗು ಎಂಥದ್ದೆಂದು ಜರ್ಮನಿಯ ಸ್ಟೌಫೆನ್ ಊರಿನವರು ಕಣ್ಣಾರೆ ಕಂಡರು. 2007ರಲ್ಲಿ ಭೂಶಾಖ ಬಳಸಲು ಕೊಳವೆಬಾವಿ ಕೊರೆದಾಗ ಅಂತರ್ಜಲ ಆನ್‌ಹೈಡ್ರೈಟ್ ಪದರಕ್ಕೆ ನುಗ್ಗಿತು. ನೆಲ ಉಬ್ಬಿತು, ಹಳೆಯ ಪೇಟೆಯ 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ಹಾಗಾಗಿ ಕೆಳಗೆ ಇಂಥ ಪದರವಿದೆಯೇ ಎಂದು ತಿಳಿಯದೆ ಕೊರೆಯಬಾರದು ಎಂದು ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಉಪ್ಪಿನ ಬಂಡೆ ಹರಿಯುತ್ತೆ ಅಂತ ಓದಿದೆ. ಕಲ್ಲು ಹರಿಯೋದುಂಟಾ?

ಉಂಟು, ಬಹಳ ನಿಧಾನವಾಗಿ. ಉಪ್ಪಿನ ಸಾಂದ್ರತೆ ನೀರಿನ 2.16 ಪಟ್ಟು, ಎಷ್ಟು ಆಳಕ್ಕೆ ಹೋದರೂ ಹೆಚ್ಚು ಬದಲಾಗುವುದಿಲ್ಲ. ಮೇಲಿನ ಕೆಸರು ಮಾತ್ರ ಅದುಮಿಕೊಂಡು ಭಾರವಾಗುತ್ತದೆ. ಹೀಗೆ ಭಾರದ್ದು ಮೇಲೆ, ಹಗುರದ್ದು ಕೆಳಗೆ ಆದಾಗ ಉಪ್ಪು ದುರ್ಬಲ ಜಾಗ ಹುಡುಕಿ ಮೇಲೇಳುತ್ತದೆ, ಪದರಗಳನ್ನು ಬಗ್ಗಿಸಿ ಗುಮ್ಮಟವಾಗುತ್ತದೆ. ಉಪ್ಪಿನಲ್ಲಿ ಸಂದು ಇಲ್ಲದ್ದರಿಂದ ತೈಲ ದಾಟಲಾರದೆ ಅದರ ಪಕ್ಕ, ನೆತ್ತಿಯ ಮೇಲೆ ಶೇಖರವಾಗುತ್ತದೆ. 1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಚಿಮ್ಮಿದ ತೈಲ ಇಂಥ ಗುಮ್ಮಟದ್ದು. ಇರಾನಿನ ಜಾಗ್ರೋಸ್ ಬೆಟ್ಟಗಳಲ್ಲಿ ಉಪ್ಪು ನೆಲ ಸೀಳಿ ಹೊರಬಂದು ಹಿಮನದಿಯಂತೆ ಇಳಿಜಾರಿನಲ್ಲಿ ಇಳಿಯುತ್ತದೆ. ಮಳೆ ಕಡಿಮೆ ಇರುವುದರಿಂದಷ್ಟೇ ಅದು ಕರಗದೆ ಉಳಿದಿದೆ.

ಜಿಪ್ಸಮ್ ಎಲ್ಲಿ ಕಂಡರೂ ಅಲ್ಲಿ ನೀರು ಬತ್ತಿತ್ತು ಅನ್ನಬಹುದಾ?

ಅನ್ನಬಾರದು. ಮೆಕ್ಸಿಕೋದ ನೈಕಾ ಗಣಿಯಲ್ಲಿ 2000ನೇ ಇಸವಿಯಲ್ಲಿ ಸಿಕ್ಕ ಗುಹೆಯಲ್ಲಿ 11 ಮೀಟರ್ ಉದ್ದದ ಜಿಪ್ಸಮ್ ಹರಳುಗಳಿವೆ. ಅವು ಬೆಳೆದದ್ದು ಬಿಸಿನೀರಿನಲ್ಲಿ ಮುಳುಗಿಕೊಂಡೇ. ನೀರು 58 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ತಣ್ಣಗಾದಾಗ ಆನ್‌ಹೈಡ್ರೈಟ್ ಕರಗಿ ಜಿಪ್ಸಮ್ ಕೂರತೊಡಗಿತು. ಆವಿಯಾಗುವ ಮಾತೇ ಇಲ್ಲ. ಪದರ, ಜೊತೆಗಿರುವ ಖನಿಜ, ಹರಳಿನ ಆಕಾರ ಎಲ್ಲ ನೋಡಿಯೇ ಹೇಳಬೇಕು.

ಹಳೆಯ ಸಮುದ್ರದ ನೀರು ಹೇಗಿತ್ತು ಅಂತ ಉಪ್ಪು ನೋಡಿ ಹೇಳ್ತಾರಂತೆ. ಸಾಧ್ಯಾನಾ?

ಸಾಧ್ಯ. ಹ್ಯಾಲೈಟ್ ಬೇಗ ಬೆಳೆಯುವಾಗ ತಾನು ಹುಟ್ಟಿದ ನೀರಿನ ಹನಿಗಳನ್ನೇ ಒಳಗೆ ಮುಚ್ಚಿಕೊಳ್ಳುತ್ತದೆ. ಭೂತಗಾಜಿನಲ್ಲಿ ನೋಡಿದರೆ ಹರಳಿನೊಳಗೆ ಮಂಜಿನ ಪಟ್ಟಿಗಳಂತೆ ಕಾಣುವುದು ಆ ಹನಿಗಳೇ. ಅವನ್ನು ವಿಶ್ಲೇಷಿಸಿದಾಗ ಸಾಗರದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಪ್ರಮಾಣ ಕಾಲಕಾಲಕ್ಕೆ ಬದಲಾಗಿದೆ ಎಂದು ತಿಳಿಯಿತು. ಬಂಡೆಗಳೂ ಅದನ್ನೇ ಹೇಳುತ್ತವೆ. ಪರ್ಮಿಯನ್ ಕಾಲದ, ಅಂದರೆ ಸುಮಾರು 25 ಕೋಟಿ ವರ್ಷ ಹಿಂದಿನ ಸ್ಟಾಸ್‌ಫುರ್ಟ್‌ನಲ್ಲಿ ಮೆಗ್ನೀಸಿಯಂ ಸಲ್ಫೇಟ್ ಖನಿಜಗಳು ತುಂಬಿವೆ, ಇನ್ನೂ ಹಳೆಯ ಡೆವೋನಿಯನ್ ಕಾಲದ ಸಸ್ಕ್ಯಾಚೆವಾನ್‌ನಲ್ಲಿ ಅವು ಇಲ್ಲ. ಸಾಗರದ ತಳದ ಬಿರುಕುಗಳಲ್ಲಿ ಬಿಸಿ ಬಸಾಲ್ಟ್ ಜೊತೆ ನೀರು ಸುತ್ತಾಡಿದಾಗ ಮೆಗ್ನೀಸಿಯಂ ಕಲ್ಲಿಗೆ ಹೋಗಿ ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಆ ಚಟುವಟಿಕೆ ಹೆಚ್ಚು ಕಡಿಮೆಯಾದಂತೆ ಸಮುದ್ರದ ರುಚಿಯೂ ಬದಲಾಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಭೂಮಿ ಬಿಟ್ಟು ಬೇರೆ ಕಡೆ ಎವಾಪೊರೈಟ್ ಇದೆಯಾ?

ಇದೆ. ಮಂಗಳ ಗ್ರಹದ ಮೆರಿಡಿಯಾನಿ ಬಯಲಿನಲ್ಲಿ ಆಪರ್ಚುನಿಟಿ ಗಾಡಿ 2004ರಲ್ಲಿ ಸಲ್ಫೇಟ್ ತುಂಬಿದ ಪದರಗಳನ್ನು ಕಂಡಿತು. ಅಂದಿನಿಂದ ಅಲ್ಲಿ ಒಮ್ಮೆ ಆಮ್ಲೀಯ ನೀರು ನಿಂತು ಬತ್ತಿತ್ತು ಎಂಬ ಮಾತಿಗೆ ಬಲ ಬಂತು.

ನನ್ನನ್ನು ಅದಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಬೆನ್ನು ಎಂಬ ಕ್ಷುದ್ರಗ್ರಹ. ಅಲ್ಲಿಂದ 121.6 ಗ್ರಾಮ್ ಕಲ್ಲುಪುಡಿ 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂತು. ಅದರಲ್ಲಿ ಹ್ಯಾಲೈಟ್, ಸಿಲ್ವೈಟ್, ಸೋಡಿಯಂ ಕಾರ್ಬೊನೇಟ್‌ಗಳು, ಟ್ರೋನಾ ಇವೆ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಬೆನ್ನುವಿನ ತಾಯಿಕಾಯದೊಳಗೆ 450 ಕೋಟಿ ವರ್ಷಗಳ ಹಿಂದೆ ಉಪ್ಪುನೀರಿನ ಒರತೆಗಳಿದ್ದು, ಅವು ಒಂದೊಂದೇ ಲವಣವನ್ನು ಸರದಿಯಲ್ಲಿ ಬಿಡುತ್ತ ಬತ್ತಿದವು. ಉಲ್ಕೆಗಳಲ್ಲಿ ಟ್ರೋನಾದಂಥವು ಇದುವರೆಗೆ ಕಾಣದೆ ಇದ್ದದ್ದೇಕೆ ಎಂದರೆ, ನೆಲಕ್ಕೆ ಬಿದ್ದ ಉಲ್ಕೆ ನಮ್ಮ ಗಾಳಿಯ ತೇವ ಹೀರಿದ ಕೂಡಲೇ ಈ ಲವಣಗಳು ಕರಗಿ ಬದಲಾಗಿಬಿಡುತ್ತವೆ. ಬೆನ್ನುವಿನ ಪುಡಿಯನ್ನು ತಂದ ದಿನದಿಂದಲೇ ನೈಟ್ರೋಜನ್ ತುಂಬಿದ ಪೆಟ್ಟಿಗೆಗಳಲ್ಲಿ, ಹೊರಗಿನ ಗಾಳಿ ಸೋಕದಂತೆ ಇಟ್ಟಿದ್ದಾರೆ.